ಫ್ರಿಜ್ಜಿಗೂ ಏಕಾದಶಿ

ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ಮೊಟ್ಟೆ ಇಡುವುದಕ್ಕೆಂದು ಕಂಪೆನಿಯವರು ಮಾಡಿಕೊಟ್ಟ ಆರು ಕುಳಿಗಳ ತಟ್ಟೆಯೊಂದಿದೆ. ಮೊಟ್ಟೆ ಹೊಸ್ತಿಲು ದಾಟದ ಮನೆಗಳಲ್ಲಿ ಈ ಕುಳಿಗಳು ಏನಾಗುತ್ತವೆಂದು ನೀವು ಎಂದಾದರೂ ಯೋಚಿಸಿದ್ದೀರಾ? ಕೆಲವರು ನಿಂಬೆಹಣ್ಣು ಕೂರಿಸುತ್ತಾರೆ, ಕೆಲವರು ಶುಂಠಿಯ ತುಂಡು. ನಮ್ಮಲ್ಲಿ ಮೂರರಲ್ಲಿ ನಿಂಬೆಹಣ್ಣು, ಇನ್ನು ಮೂರರಲ್ಲಿ ನಮ್ಮವರ ಇನ್ಸುಲಿನ್ ಶೀಸೆಗಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಎಷ್ಟು ಚೆಂದ ಕೂತವಲ್ಲ ಎಂದು ಮೊದಲ ದಿನ ನಾನು ಹಿಗ್ಗಿದ್ದು ನೆನಪಿದೆ. ಮನೆಯೊಳಗಿನ ಒಂದು ವಸ್ತುವೂ ದಂಡವಾಗಬಾರದು ಎನ್ನುವವಳು ನಾನು. ಮೊಟ್ಟೆಯ ಕುಳಿಗೂ ಒಂದು ಸದ್ಗತಿ ಸಿಕ್ಕಿತೆಂದು ಅಂದು ದೇವರಿಗೆ ಕೈಮುಗಿದಿದ್ದೆ.

ಸುತ್ತುಬಳಸದೆ ಹೇಳಿಬಿಡುತ್ತೇನೆ. ನಮ್ಮವರ ಎಡಗಾಲಿನ ಎರಡು ಬೆರಳುಗಳು ಈಗಿಲ್ಲ. ಉಳಿದ ಪಾದ ಉಳಿಯುತ್ತದೆಯೋ, ಮೊಣಕಾಲಿನ ಕೆಳಗೆ ತೆಗೆಯಬೇಕಾಗುತ್ತದೆಯೋ ಎಂಬುದನ್ನು ಬರುವ ಸೋಮವಾರ ಡಾಕ್ಟರು ಹೇಳಲಿದ್ದಾರೆ. ಕರೆಂಟು ಉಳಿಸುವುದರಲ್ಲಿ ಡೊಂಬಿವಲಿಯ ಈ ಫ್ಲ್ಯಾಟುಗಳ ಸೊಸೈಟಿಗೇ ಜಾಣೆಯೆನಿಸಿಕೊಂಡಿದ್ದ ನನ್ನ ಕೈಗೂ ಆ ಬೆರಳುಗಳಿಗೂ ಸಂಬಂಧವಿದೆಯೋ ಇಲ್ಲವೋ ಎಂಬುದನ್ನು ಮಾತ್ರ ಯಾವ ಡಾಕ್ಟರೂ ಹೇಳಲಾರರು. ಹೇಳಲಾರರು ಎಂಬುದೇ ನನಗೆ ಶಿಕ್ಷೆ.

ಉಳಿಸುವುದು ಒಂದು ಚಟವೆಂದು ನನಗೆ ಆಗ ಗೊತ್ತಿರಲಿಲ್ಲ. ನಾನದನ್ನು ವ್ರತವೆಂದು ತಿಳಿದಿದ್ದೆ. ಕುಕ್ಕರಿನಲ್ಲಿ ಅನ್ನ, ಬೇಳೆ, ಬಟಾಟೆ ಮೂರನ್ನೂ ಒಂದರ ಮೇಲೊಂದು ಏರಿಸಿ ಒಂದೇ ಉರಿಯಲ್ಲಿ ಬೇಯಿಸುವುದು, ಕಡಲೆಯನ್ನು ಹಿಂದಿನ ದಿನವೇ ನೆನೆಸಿಟ್ಟು ಗ್ಯಾಸಿನ ಹೊಟ್ಟೆ ಉರಿಯದಂತೆ ನೋಡಿಕೊಳ್ಳುವುದು, ಗೀಸರಿಗೆ ವಿಷ್ಣುಸಹಸ್ರನಾಮ ಅರ್ಧವಾಗುವಷ್ಟು ಹೊತ್ತು ಮಾತ್ರ ಅವಕಾಶ ಕೊಡುವುದು, ಇಸ್ತ್ರಿಯನ್ನು ವಾರಕ್ಕೊಮ್ಮೆ ಕಾಯಿಸಿ ಕೊನೆಯ ಎರಡು ಬಟ್ಟೆಗಳನ್ನು ಸ್ವಿಚ್ ತೆಗೆದ ಮೇಲಿನ ಬಿಸಿಯಲ್ಲಿಯೇ ಮುಗಿಸುವುದು, ಟಿವಿಯ ಆ ಕೆಂಪು ಚುಕ್ಕಿಯೂ ಉರಿಯದಂತೆ ಗೋಡೆಯಲ್ಲೇ ಬಂದ್ ಮಾಡುವುದು, ಇವೆಲ್ಲ ನನಗೆ ಕಷ್ಟವೇ ಅಲ್ಲ. ಯಾರಿಗೂ ನೋವಾಗದ, ಯಾರ ಬಾಯಿಯ ತುತ್ತನ್ನೂ ಕಸಿಯದ ಉಳಿತಾಯವೆಂದರೆ ಇದೊಂದೇ ಎಂದು ನಂಬಿದ್ದೆ. ಬಿಲ್ಲು ಇಳಿದ ತಿಂಗಳು ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚುತ್ತಿದ್ದೆ. ನಗಬೇಡಿ. ಮನೆಯಲ್ಲೇ ಇರುವ ಹೆಂಗಸಿಗೆ ತಾನೂ ಏನೋ ಗಳಿಸಿದೆ ಎಂದು ತೋರಿಸಿಕೊಳ್ಳಲು ಸಿಗುವ ಕಾಗದ ಅದೊಂದೇ.

ಇಂಥ ಒಂದು ಹುರುಪಿನಲ್ಲಿಯೇ ಏಕಾದಶಿಯ ಯೋಚನೆ ಬಂದದ್ದು. ನಮ್ಮಲ್ಲಿ ಏಕಾದಶಿಗೆ ಒಲೆ ಹಚ್ಚುವುದಿಲ್ಲ. ಇವರು ಸಕ್ಕರೆ ಕಾಯಿಲೆಯವರಾದ್ದರಿಂದ ಡಾಕ್ಟರ ಮಾತಿನಂತೆ ತಾವು ಕೆಲಸ ಮಾಡುವ ಕೋಪರಖೈರಣೆಯ ಹೋಟೆಲಿನಲ್ಲಿ ಏನಾದರೂ ತಿನ್ನುತ್ತಾರೆ, ಮಗಳಿಗೆ ಕಾಲೇಜಿನ ಕ್ಯಾಂಟೀನು ಇದೆ, ನನ್ನದು ನೀರುಪವಾಸ. ದಶಮಿಯ ಸಂಜೆಗೆ ಮುಸುರೆಯೆಲ್ಲ, ಎಂದರೆ ಬೇಯಿಸಿದ ಅನ್ನ ಹುಳಿ ಪಲ್ಯಗಳ ಪಾತ್ರೆಗಳೆಲ್ಲ, ಖಾಲಿಯಾಗಿ ತೊಳೆದಾಗಿರುತ್ತದೆ. ಹಾಲು ಅಂದಂದಿನದು ಅಂದಂದಿಗೆ. ಹಾಗಿರುವಾಗ ಖಾಲಿ ಪೆಟ್ಟಿಗೆಯೊಂದು ದ್ವಾದಶಿಯ ಬೆಳಗಿನವರೆಗೆ ಗುಂಯ್ ಎನ್ನುತ್ತ ಯಾರಿಗಾಗಿ ತಣ್ಣಗಿರಬೇಕು? ದಶಮಿಯ ಸಂಜೆ ದೀಪ ಹಚ್ಚಿದ ಮೇಲೆ ಅದರ ಸ್ವಿಚ್ ತೆಗೆದೆ. ಬಾಗಿಲಿನ ಕುಳಿಗಳಲ್ಲಿ ಶೀಸೆಗಳಿದ್ದವು. ಕಣ್ಣಿಗೆ ಬೀಳಲಿಲ್ಲವೆಂದು ಸುಳ್ಳು ಹೇಳಲಾರೆ. ಕಂಡವು. ಆದರೆ ನನ್ನ ಲೆಕ್ಕದಲ್ಲಿ ಹಳಸುವುದು ಎಂದರೆ ಮುಸುರೆ. ಮದ್ದು ಮುಸುರೆಯಲ್ಲ. ಅಜ್ಜಿಯ ಕಾಲದಿಂದ ರಕ್ತದಲ್ಲಿ ಇಳಿದು ಬಂದ ಈ ವಿಂಗಡಣೆಯನ್ನು ದಾಟಿ ಒಂದು ಕ್ಷಣ ಯೋಚಿಸಬೇಕೆಂದು ನನಗೆ ತೋಚಲೇ ಇಲ್ಲ.

"ಅಮ್ಮಾ, ಫ್ರಿಜ್ ಕೋ ಭೀ ಉಪವಾಸ್? ಬೇಚಾರಾ!" ಎಂದು ಮಗಳು ನಕ್ಕಳು. ಇಲ್ಲೇ ಹುಟ್ಟಿದವಳು, ನನ್ನ ಕನ್ನಡಕ್ಕೆ ಅವಳ ಉತ್ತರ ಯಾವಾಗಲೂ ಹಿಂದಿಯಲ್ಲೇ. ಶನಿವಾರದ ಭಜನಾ ಮಂಡಳಿಯಲ್ಲಿ ನಾನೇ ಈ ಸಂಗತಿಯನ್ನು ಹೇಳಿಕೊಂಡೆ. ತಾಳ ಬದಿಗಿಟ್ಟು ಸುಮತಿಯಕ್ಕ, "ಎಂತ ಮಾರಾಯ್ತಿ, ನಿನ್ನ ಫ್ರಿಜ್ಜಿಗೆ ನೇರ ವೈಕುಂಠವೇ. ನಮ್ಮನೆ ಯಜಮಾನರಿಗೂ ಒಂದು ಸ್ವಿಚ್ ಉಂಟಾ ನೋಡು, ಏಕಾದಶಿಗಾದರೂ ಬಾಯಿ ಬಂದ್ ಆಗಲಿ" ಎಂದಾಗ ನಗೆಯಲ್ಲಿ ಮುಂದಿನ ಭಜನೆಯೇ ತಡವಾಯಿತು. ಮುಂದಿನ ಏಕಾದಶಿಗೆ ಅವರ ಫ್ರಿಜ್ಜೂ ಉಪವಾಸ ಕೂತಿತು. ಒಳ್ಳೆಯ ಕೆಲಸವೊಂದು ನನ್ನಿಂದ ಹರಡುತ್ತಿದೆಯೆಂದು ನನಗೆ ಹೆಮ್ಮೆ.

ಅದು ಬೇಸಿಗೆ. ಇಲ್ಲಿಯ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ಅಡುಗೆಮನೆಯ ಕಟ್ಟೆಗಲ್ಲನ್ನು ಮುಟ್ಟಿದರೆ ಅಂಗೈ ಹಿಂದೆ ಬರುತ್ತದೆ. ಮುಚ್ಚಿದ ಆ ಪೆಟ್ಟಿಗೆಯೊಳಗೆ ಏನಾಗುತ್ತಿತ್ತೋ! ದ್ವಾದಶಿಯ ಬೆಳಿಗ್ಗೆ ಪಾರಣೆಗೆ ಮೊದಲು ಸ್ವಿಚ್ ಹಾಕಿದರೆ ಅದು ಮತ್ತೆ ಗುಂಯ್ ಎನ್ನುವುದು, ಶೀಸೆಗಳು ಮತ್ತೆ ತಣ್ಣಗಾಗುವುದು, ನೋಡಿದರೆ ಅದೇ ತಿಳಿನೀರಿನ ಬಣ್ಣ. ಇವರಿಗೆ ಸೂಜಿಯ ಗೀಟುಗಳು ಕಾಣುವುದಿಲ್ಲವಾದ್ದರಿಂದ ಅಳೆದು ಚುಚ್ಚುವವಳೂ ನಾನೇ. ರಾಮನಾಮ ಹೇಳಿಕೊಂಡೇ ಚುಚ್ಚುತ್ತಿದ್ದೆ.

ಥಾಣೆಯ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವಾಗ ಯಾರೋ ಇವರ ಪಾದ ತುಳಿದರು. ದಿನಾ ತುಳಿಯುವವರೇ; ತುಳಿಸಿಕೊಳ್ಳದೆ ಅಲ್ಲಿ ಮೇಲ್ಸೇತುವೆ ಹತ್ತಿದವರಿಲ್ಲ. ಬೆರಳ ಸಂದಿಯಲ್ಲಿ ಒಂದು ಗೀರು. ಅದು ವಾರದಲ್ಲಿ ಒಣಗಬೇಕಿತ್ತು. ಒಣಗಲಿಲ್ಲ. ದಿನವಿಡೀ ನಿಂತೇ ಗಿರಾಕಿಗಳನ್ನು ನೋಡಿಕೊಳ್ಳುವ ಕೆಲಸ. ಸಂಜೆ ಚಪ್ಪಲಿ ಬಿಚ್ಚಿದರೆ ಕಾಲುಚೀಲ ಒದ್ದೆ. ಸಕ್ಕರೆ ನೋಡಿಸಿದರೆ ಯಂತ್ರವೇ ಕೆಟ್ಟಿರಬೇಕು ಎನ್ನುವಷ್ಟು ಏರಿತ್ತು. ದೊಡ್ಡ ಡಾಕ್ಟರು ಕಾಗದದಿಂದ ತಲೆಯೆತ್ತಿ ನನ್ನನ್ನು ಕೇಳಿದರು: "ಭಾಭೀ, ಇನ್ಸುಲಿನ್ ಫ್ರಿಜ್ ಮೇ ಹೀ ರಖ್ತೇ ಹೋ ನಾ?"

"ಹಾಂ ಡಾಕ್ಟರ್" ಎಂದೆ.

"ಫ್ರಿಜ್ ಬಂದ್ ತೋ ನಹೀ ರಹತಾ?"

ಫ್ರಿಜ್ಜು ಬಂದ್ ಇರುವುದಿಲ್ಲ ತಾನೆ ಎಂಬ ಆ ಒಂದು ಪ್ರಶ್ನೆಯಲ್ಲಿ ಅಷ್ಟೂ ಏಕಾದಶಿಗಳು ನನ್ನ ಮುಂದೆ ಸಾಲಾಗಿ ನಿಂತವು. ಇವರು ಪಕ್ಕದಲ್ಲೇ ಇದ್ದರು, ನನ್ನ ಮೇಲೆ ಪೂರ್ಣ ಭರವಸೆಯಿಟ್ಟವರ ಹಾಗೆ ಕಿಟಕಿಯಾಚೆ ನೋಡುತ್ತಿದ್ದರು. "ನಹೀ" ಎಂದೆ. ಮನೆಗೆ ಬಂದು ಮೂರು ಶೀಸೆಗಳನ್ನೂ ಮೋರಿಗೆ ಸುರಿದು ಹೊಸದು ತಂದೆ. ಎರಡು ವಾರದಲ್ಲಿ ಸಕ್ಕರೆ ಇಳಿಯಿತು. ಡಾಕ್ಟರು ಪಥ್ಯದ ಫಲವೆಂದರು. ಆದರೆ ಅಷ್ಟರಲ್ಲಿ ಬೆರಳುಗಳು ಕಪ್ಪಾಗಿದ್ದವು.

ಸುಮತಿಯಕ್ಕನ ಮನೆಗೆ ಓಡಿಹೋಗಿ, "ಅಕ್ಕ, ಹಾಗೆ ಬಂದ್ ಮಾಡಿದರೆ ಕಂಪ್ರೆಸರ್ ಹಾಳಾಗ್ತದಂತೆ, ಮಾಡಬೇಡಿ" ಎಂದು ಹೇಳಿ ಬಂದೆ. ನಿಜ ಹೇಳಲು ಬಾಯಿ ಬರಲಿಲ್ಲ. ಅವರ ಮನೆಯ ಫ್ರಿಜ್ಜಿನಲ್ಲಿ ನಿಂಬೆಹಣ್ಣು ಮಾತ್ರ ಇರುವುದೆಂದು ಕಣ್ಣಾರೆ ನೋಡಿಕೊಂಡು ಬಂದೆ ಎಂಬುದೊಂದೇ ಸಮಾಧಾನ.

ದೇವರ ಉಪಕಾರಗಳನ್ನು ಎಣಿಸುವ ರೂಢಿ ನನಗೆ ಚಿಕ್ಕಂದಿನಿಂದಲೂ ಇದೆ. ಈಗಲೂ ಎಣಿಸುತ್ತೇನೆ: ಇವರನ್ನು ಆಸ್ಪತ್ರೆಗೆ ಒಯ್ದ ದಿನ ಲಿಫ್ಟ್ ಕೆಟ್ಟಿರಲಿಲ್ಲ, ಮಗಳ ಪರೀಕ್ಷೆ ಮುಗಿದಿತ್ತು, ಹೋಟೆಲಿನ ಧಣಿಗಳು, ಪಾದವೊಂದು ನೆಟ್ಟಗಾದರೆ ನಿಲ್ಲುವುದು ಬೇಡ, ಗಲ್ಲೆಯಲ್ಲಿ ಹಣ ತೆಗೆದುಕೊಳ್ಳುತ್ತ ಕೂರಲಿ ಎಂದು ಹೇಳಿ ಕಳಿಸಿದ್ದಾರೆ. ಆದರೆ ಈಚೆಗೆ ಎಣಿಕೆ ಮುಗಿಯುವ ಮೊದಲೇ ಬೆರಳು ನಿಂತುಬಿಡುತ್ತದೆ. ಗಲ್ಲೆಗೆ ತಲುಪಬೇಕಾದರೆ ಥಾಣೆಯ ಮೇಲ್ಸೇತುವೆ ಹತ್ತಿಳಿಯಬೇಕಲ್ಲ, ಒಂದು ಕಾಲಿನಲ್ಲಿ ಹೇಗೆ? ಸಂಜೆ ದೀಪದ ಮುಂದೆ ಕೂತು ಗಾಯ ಮಾಗಲಿ ಎಂದು ಬೇಡುವಾಗ, ನನ್ನ ತಪ್ಪು ಹಾಗೆಯೇ ಮುಚ್ಚಿಹೋಗಲಿ ಎಂದೂ ಅದೇ ಉಸಿರಿನಲ್ಲಿ ಬೇಡುತ್ತಿರುತ್ತೇನೆ. ಇಂಥ ಪ್ರಾರ್ಥನೆ ಯಾವ ದೇವರಿಗೆ ಬೇಕು? ಏಕಾದಶಿಗೆ ಹಸಿದಿರು ಎಂದು ಅವನು ನನಗೆ ಹೇಳಿದ್ದಿರಬಹುದು; ಪೆಟ್ಟಿಗೆಯನ್ನೂ ಉಪವಾಸ ಕೆಡವು ಎಂದು ಹೇಳಿರಲಿಲ್ಲ. ಭಕ್ತಿಯೂ ಜಿಪುಣತನವೂ ನನ್ನೊಳಗೆ ಯಾವಾಗ ಒಂದೇ ಸೆರಗು ಹೊದ್ದುಕೊಂಡವೋ ನಾನರಿಯೆ. ಆ ತಿಂಗಳುಗಳ ಬಿಲ್ಲುಗಳು ಇನ್ನೂ ದೇವರ ಕೋಣೆಯಲ್ಲೇ ಇವೆ, ಕುಂಕುಮ ಹಚ್ಚಿಕೊಂಡು. ತೆಗೆದು ಹರಿಯಲೂ ಕೈ ಏಳುವುದಿಲ್ಲ.

ನಿನ್ನೆ ಮಧ್ಯಾಹ್ನ ಹೇಳಿಬಿಟ್ಟೆ. ಸೋಮವಾರ ಡಾಕ್ಟರ ಬಾಯಿಂದ ಏನು ಬಂದರೂ ಅದಕ್ಕೆ ಮೊದಲು ಇವರಿಗೆ ತಿಳಿದಿರಬೇಕು ಅನಿಸಿತು. ಗಾಯ ತೊಳೆದು ಪಟ್ಟಿ ಸುತ್ತುತ್ತಿದ್ದೆ. ಪಾದ ನನ್ನ ಮಡಿಲಲ್ಲಿತ್ತು.

"ನಿಮ್ಮತ್ರ ಒಂದು ವಿಷಯ ಹೇಳ್ಲಿಕ್ಕುಂಟು" ಎಂದೆ.

"ಎಂತ, ಕರೆಂಟು ಬಿಲ್ಲು ಇನ್ನೂ ಇಳಿಯಿತಾ?" ಎಂದು ನಕ್ಕರು.

ಹೇಳಿದೆ. ಸ್ವಿಚ್ಚು, ಕುಳಿಗಳು, ಡಾಕ್ಟರಿಗೆ ಹೇಳಿದ ಸುಳ್ಳು, ಮೋರಿಗೆ ಸುರಿದದ್ದು, ಎಲ್ಲವನ್ನೂ. ಅವರು ಫ್ಯಾನು ತಿರುಗುವುದನ್ನೇ ನೋಡುತ್ತಿದ್ದರು.

"ಎಷ್ಟು ಏಕಾದಶಿ?"

"ಏಳು. ಎಂಟೂ ಇರಬಹುದು."

ಮೆಲ್ಲಗೆ ಹೇಳಿದರು: "ಹೇಳಬಾರದಿತ್ತು ಮಾರಾಯ್ತಿ. ಇಷ್ಟು ದಿನ ದೇವರ ಮೇಲೆ ಸಿಟ್ಟು ಮಾಡಿಕೊಂಡು ನಾನು ಆರಾಮ ಇದ್ದೆ. ಅವನಾದರೆ ತಡ್ಕೊಳ್ತಾನೆ. ಇನ್ನು ಯಾರ ಮೇಲೆ ಸಿಟ್ಟು ಮಾಡುದು?"

ನನ್ನ ಮೇಲೆ ಮಾಡಿ ಎನ್ನುವಷ್ಟರಲ್ಲಿ ಅವರು ಪಾದವನ್ನು ಮಡಿಲಿನಿಂದ ಎತ್ತಿಕೊಂಡು ಅರ್ಧ ಸುತ್ತಿದ ಪಟ್ಟಿಯ ಸಮೇತ ಗೋಡೆಯ ಕಡೆ ಹೊರಳಿದರು.

ಇಂದು ಬೆಳಿಗ್ಗೆ ಪಟ್ಟಿ ಕಟ್ಟಲು ಮಗಳನ್ನು ಕರೆದರು. "ಅಮ್ಮನಿಗೆ ಕೆಲಸ ಉಂಟು, ನೀನೇ ಕಟ್ಟು" ಎಂದರು. ಗಾಯ ನೋಡಲಾಗದ ಹುಡುಗಿ ಮುಖ ತಿರುಗಿಸಿಕೊಂಡೇ ಸುತ್ತಿದಳು. ಸಡಿಲವಾಯಿತು, ಬಿಚ್ಚಿ ಮತ್ತೆ ಸುತ್ತಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆದರೆ ಅಳೆದು ಚುಚ್ಚುವುದು ಅವಳಿಗೆ ಬಾರದು. ಹೊತ್ತಾದಾಗ ನಾನೇ ಶೀಸೆ ತೆಗೆದುಕೊಂಡು ಮಂಚದ ಬಳಿ ಹೋದೆ. ಅವರು ಕೈ ಚಾಚಿ ಅದನ್ನು ಇಸಿದುಕೊಂಡರು. ಕಣ್ಣುಮುಚ್ಚಿ ಕೆನ್ನೆಗೆ ಒತ್ತಿಹಿಡಿದರು, ತಣ್ಣಗಿದೆಯೋ ಎಂದು. ಮತ್ತೆ ನನ್ನ ಕೈಗೆ ಕೊಟ್ಟು, ನನ್ನ ಮುಖ ನೋಡದೆ ಬನಿಯನ್ ಎತ್ತಿದರು.