ಎರಡೇ ವರ್ಷಕ್ಕೆ ಸವೆದ ಗಡಿಯಾರ

ಈಗೀಗ ಯಾರೂ ಯಾರನ್ನೂ ವೇಳೆ ಕೇಳುವುದಿಲ್ಲ. ನೀವೂ ಇದನ್ನು ಗಮನಿಸಿರಬಹುದು. ಮೊದಲೆಲ್ಲ ಗೋವೆಯ ಸಡಾ ಗುಡ್ಡದಿಂದ ವಾಸ್ಕೋ ಪೇಟೆಗೆ ಇಳಿಯುವ ಬಸ್ಸಿನಲ್ಲಿ ಕೂತರೆ ಗುಡ್ಡ ಮುಗಿಯುವಷ್ಟರಲ್ಲಿ ಮೂವರಾದರೂ ‘ಟೈಮ್ ಎಷ್ಟಾತ್ರಿ’ ಎನ್ನುತ್ತಿದ್ದರು, ಆ ಪ್ರಶ್ನೆಯ ಬೆನ್ನಿಗೇ ಊರು, ಕೆಲಸ, ಮಕ್ಕಳ ಮದುವೆ, ಮಂಡಿನೋವು ಎಲ್ಲ ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಈಗ ಎಲ್ಲರ ಕಿಸೆಯಲ್ಲೂ ಮೊಬೈಲು, ಮೊಬೈಲಿನ ನೆತ್ತಿಯ ಮೇಲೆ ವೇಳೆ. ಹೀಗಾಗಿ ಮಣಿಕಟ್ಟಿಗೆ ಗಡಿಯಾರ ಕಟ್ಟಿಕೊಂಡ ನನ್ನಂಥವರು ತೋಳು ಸ್ವಲ್ಪ ಮೇಲೆತ್ತಿ, ಯಾರಾದರೂ ಕೇಳಿಯಾರೇ ಎಂದು ಕಾಯುತ್ತ ಕೂರಬೇಕಾಗಿದೆ.

ನನ್ನ ಈ ನಿರೀಕ್ಷೆಗೆ ಕಾರಣವಿದೆ. ಎರಡು ವರ್ಷದ ಹಿಂದೆ ನಿವೃತ್ತನಾದಾಗ, ಜೀವಮಾನವಿಡೀ ಪರರ ವೇಳೆಯನ್ನು ಕಾದವನು ಇನ್ನು ಮೇಲೆ ಸ್ವಂತ ವೇಳೆಯನ್ನಾದರೂ ವೈಭವದಿಂದ ಕಳೆಯಬೇಕೆಂದು, ಪಣಜಿಯ ಗಾಜಿನ ಮಳಿಗೆಯೊಂದಕ್ಕೆ ಹೋಗಿ ಸ್ವಿಸ್ ದೇಶದ ಒಂದು ಗಡಿಯಾರವನ್ನು ಕೊಂಡುಬಿಟ್ಟೆ. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಅವರಿಗಿಂತ ನನಗೇ ಹೆಚ್ಚು ಮುಜುಗರ. ಬ್ಯಾಟರಿ ಇಲ್ಲದ, ಕೈ ಆಡಿಸಿದರೆ ತಾನೇ ಕೀ ಕೊಟ್ಟುಕೊಳ್ಳುವ, ಬೆನ್ನಿಗೂ ಗಾಜು ಹಾಕಿಸಿಕೊಂಡು ಒಳಗಿನ ಚಕ್ರಗಳನ್ನೆಲ್ಲ ನಿಸ್ಸಂಕೋಚವಾಗಿ ತೋರಿಸುವ ಗಡಿಯಾರ ಅದು. ಬೆಲೆ ಕೇಳಿದ ನನ್ನ ಹೆಂಡತಿ ಶಾಂತಾ, ‘ಇದರಾಗ ಎರಡು ಎಮ್ಮಿ ಬರ್ತಿದ್ವಲ್ರಿ’ ಎಂದಳು. ಗೋವೆಯ ಎರಡು ಕೋಣೆಯ ಮನೆಯಲ್ಲಿ ಎಮ್ಮೆ ಎಲ್ಲಿ ಕಟ್ಟುವುದೆಂದು ಕೇಳಿ ಆ ಚರ್ಚೆಯಲ್ಲಿ ನಾನೇ ಗೆದ್ದೆ.

ಗೆಲ್ಲಲೇಬೇಕಾಗಿತ್ತು, ಏಕೆಂದರೆ ಸಡಾದ ನಮ್ಮ ಕನ್ನಡದ ಜನರ ನಡುವೆ ನಾನು ‘ಟೈಮ್ ಸಾಹೇಬ’. ಬಂದರಿನಲ್ಲಿ ಕೂಲಿಗಳ ಹಾಜರಿ ಬರೆಯುವ ಗುತ್ತಿಗೆದಾರರ ಕಚೇರಿಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಗುಮಾಸ್ತನಾಗಿದ್ದೆ. ಬೆಳಿಗ್ಗೆ ಭೋಂಗಾ ಊದಿಸುವವನು ನಾನು. ಊದಿದ ಮೇಲೆ ಗೇಟಿನೊಳಗೆ ಕಾಲಿಟ್ಟವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗೀಟು ಎಳೆಯುವವನೂ ನಾನೇ. ವಿಜಯಪುರ, ಬಾಗಲಕೋಟೆ, ಗದಗಿನಿಂದ ಬಂದ ನನ್ನವರೇ ಅವರೆಲ್ಲ. ಆದರೂ ಒಂದು ನಿಮಿಷವನ್ನೂ ಯಾರಿಗೂ ಬಿಟ್ಟುಕೊಟ್ಟವನಲ್ಲ. ಆಗ ಇದನ್ನು ನಿಷ್ಠೆ ಎಂದುಕೊಂಡಿದ್ದೆ, ಈಗ ಅರ್ಧ ನಿಷ್ಠೆ, ಅರ್ಧ ಅಹಂಕಾರ ಎಂದು ತೋರುತ್ತದೆ.

ಈ ಖ್ಯಾತಿಯಿಂದ ನಮ್ಮಲ್ಲೊಂದು ರೂಢಿ ಬೆಳೆದುಬಂತು. ಸಡಾದಲ್ಲಿ ನಮ್ಮವರ ಮದುವೆಯಾದರೆ ನಾನು ಹಂದರದ ಪಕ್ಕ ನಿಂತು ಬಲಗೈ ಎತ್ತಬೇಕು. ಮಂಗಳಾಷ್ಟಕ ಹೇಳುವ ಅಯ್ಯನವರು ಓರೆಗಣ್ಣಿನಿಂದ ನನ್ನ ಕೈಯನ್ನೇ ನೋಡುತ್ತಿರುತ್ತಾರೆ. ನಾನು ಕೈ ಇಳಿಸಿದ ಕ್ಷಣಕ್ಕೆ ಅಕ್ಕಿಕಾಳು ಬೀಳಬೇಕು. ಮದುಮಗನ ಪೇಟ ಸರಿಯಿದೆಯೋ ಇಲ್ಲವೋ ಯಾರೂ ಕೇಳರು, ಟೈಮ್ ಸಾಹೇಬರು ಬಂದರೇ ಎಂದು ಮಾತ್ರ ಕೇಳುತ್ತಾರೆ. ಇಂಥ ಮರ್ಯಾದೆ ಸಿಕ್ಕಮೇಲೆ ಮನುಷ್ಯ ತನ್ನ ಗಡಿಯಾರವನ್ನು ಅನುಮಾನಿಸುವುದನ್ನು ನಿಲ್ಲಿಸುತ್ತಾನೆ.

ಹೊಸ ಗಡಿಯಾರ ಮೊದಲ ವರ್ಷ ನನ್ನನ್ನು ಒಮ್ಮೆಯೂ ತಲೆತಗ್ಗಿಸುವಂತೆ ಮಾಡಲಿಲ್ಲ. ಎರಡನೆಯ ವರ್ಷದ ಮಳೆಗಾಲದ ಹೊತ್ತಿಗೆ ದಿನಕ್ಕೆ ಹತ್ತು ಸೆಕೆಂಡು ಹಿಂದೆ ಬೀಳತೊಡಗಿತು. ಮಳಿಗೆಗೆ ಫೋನು ಮಾಡಿದರೆ, ಇಂಥ ಗಡಿಯಾರಗಳು ಜೀವಂತ ವಸ್ತುಗಳೆಂದೂ, ಅಷ್ಟಿಷ್ಟು ವ್ಯತ್ಯಾಸವೇ ಅವುಗಳ ಸೊಬಗೆಂದೂ ಅತ್ಯಂತ ವಿನಯದಿಂದ ತಿಳಿಸಿದರು. ದುಬಾರಿ ವಸ್ತುವಿನ ದೋಷಕ್ಕೆ ಸೊಬಗೆನ್ನುವ ಹೆಸರಿದೆ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಆಮೇಲೆ ಸೊಬಗು ಬೆಳೆಯುತ್ತ ಬೆಳೆಯುತ್ತ ದಿನಕ್ಕೊಂದು ನಿಮಿಷಕ್ಕೆ ಬಂತು, ಆದರೆ ಅಷ್ಟರಲ್ಲಿ ನಾನು ಅಳೆಯುವುದನ್ನೇ ಬಿಟ್ಟಿದ್ದೆ. ಬದಲಾಗಿ ಮನೆಯ ಗೋಡೆ ಗಡಿಯಾರ ಮುಂದೆ ಓಡುತ್ತಿದೆಯೆಂದು ಸ್ಟೂಲು ಹತ್ತಿ ಅದರ ಮುಳ್ಳನ್ನು ಹಿಂದಕ್ಕೆ ತಿರುಗಿಸಿದೆ. ನಾಲ್ಕು ದಿನ ಬಿಟ್ಟು ಮತ್ತೆ ಹತ್ತಿದೆ. ‘ಅದಕ್ಯಾಕ ಕೈ ಹಚ್ಚಾಕತ್ತೀರಿ, ನನ್ನ ಮೊಬೈಲ್ ನೋಡ್ರಿ’ ಎಂದ ಶಾಂತಾಳಿಗೆ, ಗಾಳಿಗೆ ಅಲುಗಾಡುವ ಟವರಿನಿಂದ ಬರುವ ವೇಳೆಯನ್ನು ನಂಬಬಾರದೆಂದು ಬುದ್ಧಿ ಹೇಳಿದೆ. ಬಸ್ಸು ತಪ್ಪಿದಾಗ ಡ್ರೈವರನನ್ನು ಬೈದೆ. ಕ್ರೈಸ್ತರ ಇಗರ್ಜಿಯ ಮಧ್ಯಾಹ್ನ ಹನ್ನೆರಡರ ಗಂಟೆ ಬೇಗ ಬಾರಿಸಿದಾಗ, ಗಂಟೆ ಬಾರಿಸುವವನಿಗೆ ಊಟದ ಆತುರವಿರಬೇಕೆಂದು ಕ್ಷಮಿಸಿದೆ.

ಇಂಥ ದಿನಗಳಲ್ಲೇ ಯಲ್ಲವ್ವ ಮಗಳ ಲಗ್ನದ ಪತ್ರಿಕೆ ಹಿಡಿದು ಮನೆಗೆ ಬಂದಳು. ಅವಳು ನಮ್ಮ ಓಣಿಯವಳು. ಬಂದರಿನಲ್ಲಿ ಮೂಟೆ ಹೊತ್ತು, ಗಂಡ ತೀರಿಕೊಂಡ ಮೇಲೂ ಹೊತ್ತು ಮಗಳನ್ನು ಓದಿಸಿದವಳು. ಇನ್ನೂ ಐವತ್ತು ತುಂಬಿಲ್ಲ, ಮೊಣಕಾಲು ಆಗಲೇ ಸವೆದಿವೆ. ಮೆಟ್ಟಿಲಿಗೆ ಕೈಯೂರಿ ಕೂತಳು. ಬುಧವಾರ ಹನ್ನೊಂದು ಗಂಟೆ ಐವತ್ತೊಂದು ನಿಮಿಷಕ್ಕೆ ಅಕ್ಕಿಕಾಳು, ಹನ್ನೆರಡಕ್ಕೆ ರಾಹುಕಾಲ ಹತ್ತುತ್ತದೆ, ನಡುವೆ ಒಂಬತ್ತೇ ನಿಮಿಷ ಎಂದು ಬೆರಳಿಟ್ಟು ತೋರಿಸಿದಳು.

‘ನನ್ನ ಲಗ್ನದಾಗ ಗಂಡಿನವರ ಟೆಂಪೋ ತಡಾ ಆಗಿ ಅಕ್ಕಿಕಾಳು ಹೊತ್ತ ಮೀರಿ ಬಿದ್ವು ಸಾಹೇಬ್ರ. ನಮ್ಮತ್ತಿ ಸಾಯೂತನಕ ಅದನ್ನ ಆಡಿದ್ಲು. ಅನ್ನ ಸೀದರೂ ಅದ ಮಾತು, ಇವರು ತೀರಿಕೊಂಡರೂ ಅದ ಮಾತು. ನನ್ನ ಮಗಳಿಗೆ ಆ ಮಾತು ಬರಬಾರದ್ರಿ. ನೀವ ನಿಂದರ್ರಿ.’

ನಿಲ್ಲುತ್ತೇನೆ ಎಂದೆ. ಹೊರಡುವಾಗ ಬಾಗಿಲಲ್ಲಿ ತಿರುಗಿ, ನಕ್ಕೇ ಹೇಳಿದಳು: ‘ಈ ಮಗಳಿಗೇ ಜ್ವರ ಬಂದಾಗ ನಾ ನಾಕ ನಿಮಿಷ ತಡಾ ಆಗಿ ಬಂದಿದ್ದೆ. ನೀವು ಕೆಂಪು ಗೀಟು ಹಾಕಿದ್ರಿ. ನೆನಪೈತೇನ್ರಿ? ಅವತ್ತು ಭಾಳ ಬೈಕೊಂಡಿದ್ದೆ. ಈಗ ಅನಸ್ತೈತಿ, ಅಂಥಾ ಮನಷ್ಯಾನ ಬೇಕ್ರಿ ಇದಕ್ಕ.’

ನನಗೆ ನೆನಪಿರಲಿಲ್ಲ. ಅಷ್ಟು ಗೀಟುಗಳ ನಡುವೆ ಒಂದು ಗೀಟು. ಎಳೆದವನು ಮರೆತಿದ್ದೆ, ಎಳೆಸಿಕೊಂಡವಳು ಮರೆತಿರಲಿಲ್ಲ. ಆ ನಗು ನೋಡಿ ನನಗೆ ನಾಚಿಕೆಯಾಯಿತು, ಆದರೆ ನಾಚಿಕೆಗಿಂತ ಒಂದು ತೂಕ ಹೆಚ್ಚಾಗಿಯೇ ಹೆಮ್ಮೆಯಾಯಿತೆಂದು ಒಪ್ಪಿಕೊಳ್ಳಬೇಕು.

ಬುಧವಾರ ರೇಷ್ಮೆಯ ಅಂಗಿ ತೊಟ್ಟು ತೋಳನ್ನು ಗಡಿಯಾರ ಕಾಣುವಷ್ಟು ಮಡಚಿ ನಿಂತೆ. ಬ್ಯಾಂಡಿನವರು ಕಿವಿ ಕಿತ್ತುಹೋಗುವಂತೆ ಬಾರಿಸುತ್ತಿದ್ದರು. ಅದರ ಸಂದಿನಲ್ಲಿ ಇಗರ್ಜಿಯ ಗಂಟೆ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಆಗ ನನ್ನ ಗಡಿಯಾರದಲ್ಲಿ ಹನ್ನೊಂದು ನಲವತ್ತೇಳು, ಗಂಟೆಯವನಿಗೆ ಇವತ್ತು ಹಸಿವು ಹೆಚ್ಚೇ ಇರಬೇಕೆಂದುಕೊಂಡೆ. ಗಂಡಿನ ಕಡೆಯ ಒಬ್ಬ ಹಿರಿಯ ತನ್ನ ಮೊಬೈಲು ನೋಡಿ, ನನ್ನ ಎತ್ತಿದ ಕೈ ನೋಡಿ, ಮತ್ತೆ ಮೊಬೈಲು ನೋಡಿ ಪಕ್ಕದವನಿಗೆ, ‘ನಂದು ಮುಂದ ಓಡಾಕತ್ತೈತಿ’ ಎಂದು ಹೇಳಿ ಅದನ್ನು ಕಿಸೆಗಿಳಿಸಿದ. ಹನ್ನೊಂದು ಐವತ್ತೊಂದಕ್ಕೆ ಸರಿಯಾಗಿ ನಾನು ಕೈ ಇಳಿಸಿದೆ. ಅಕ್ಕಿಕಾಳು ಬಿದ್ದವು. ಯಲ್ಲವ್ವ ದೂರದಿಂದಲೇ ನನಗೆ ಕೈ ಮುಗಿದಳು.

ಸಂಜೆ ಶಾಂತಾ ಟೀವಿ ಹಚ್ಚಿದಳು. ಏಳು ಗಂಟೆಯ ವಾರ್ತೆ ನನ್ನ ಗಡಿಯಾರದಲ್ಲಿ ಆರು ನಲವತ್ತೇಳಕ್ಕೆ ಶುರುವಾಯಿತು. ಬಸ್ಸು ಆತುರಪಡಬಹುದು, ಇಗರ್ಜಿ ಆತುರಪಡಬಹುದು, ಆದರೆ ಇಡೀ ದೇಶವೇ ಹದಿಮೂರು ನಿಮಿಷ ಮುಂದಿದೆಯೆಂದು ನಂಬುವಷ್ಟು ಅಹಂಕಾರ ನನ್ನಲ್ಲೂ ಇರಲಿಲ್ಲ. ಮನಸ್ಸಿನಲ್ಲೇ ಕೂಡಿಸಿ ನೋಡಿದೆ: ಅಕ್ಕಿಕಾಳು ಬಿದ್ದದ್ದು ಹನ್ನೆರಡು ದಾಟಿ ನಾಲ್ಕು ನಿಮಿಷಕ್ಕೆ.

ಮರುದಿನ ವಾಸ್ಕೋದ ಮಾರ್ಕೆಟ್ಟಿನಲ್ಲಿ ಒಂದು ಮೇಜಿನಷ್ಟೇ ಅಗಲದ ಅಂಗಡಿಯಿಟ್ಟುಕೊಂಡಿರುವ ಕೇಶವಬಾಬ್ ಎಂಬ ಹಳೆಯ ರಿಪೇರಿಯವನ ಬಳಿ ಹೋದೆ. ಬೆನ್ನು ಬಿಚ್ಚಿದರೆ ವಾರಂಟಿ ಹೋಗುತ್ತದೆಂದು ಅವನು ಬಿಚ್ಚಲಿಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದಿನ ಗಾಜಿನೊಳಗೆ ಬಹಳ ಹೊತ್ತು ನೋಡಿದ. ಒಂದು ಚಕ್ರದ ಬುಡದಲ್ಲಿ ಕಾಡಿಗೆಯಂಥ ಕಪ್ಪು ಪುಡಿ ಕೂತಿದೆ ನೋಡು, ಎಂದು ನನಗೂ ತೋರಿಸಿದ. ಎಣ್ಣೆ ಒಣಗಿದೆ, ಒಣಗಿದ ಮೇಲೂ ಚಕ್ರ ತಿರುಗಿದೆ, ಆ ಕಪ್ಪು ಅದರದೇ ಉಕ್ಕು ಎಂದು ಕೊಂಕಣಿಯಲ್ಲಿ ನಿಧಾನವಾಗಿ ವಿವರಿಸಿದ. ಅಪ್ಪಂದಿರ ಕಾಲದ ಗಡಿಯಾರಗಳು ಎಷ್ಟೋ ವರ್ಷಕ್ಕೊಮ್ಮೆ ಬಂದು ಬರೀ ಎಣ್ಣೆ ಕೇಳುತ್ತಿದ್ದವಂತೆ. ಈಗಿನವನ್ನು ತೆಳ್ಳಗೆ ಮಾಡುತ್ತಾರೆ, ಒಮ್ಮೆ ಕೀ ತುಂಬಿದರೆ ಮೂರು ದಿನ ಓಡಲಿ ಎನ್ನುತ್ತಾರೆ, ಭಾರವೆಲ್ಲ ಯಾವುದೋ ಒಂದು ಸಣ್ಣ ಕೀಲಿನ ಮೇಲೆ ಬೀಳುತ್ತದೆ, ಅದು ಹೊಸದರಲ್ಲೇ ಮುದಿಯಾಗುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದೇ ಇಲ್ಲ, ಹೊಳಪು ಹಾಗೇ ಇರುತ್ತದಲ್ಲ, ಎಂದ. ಅವನು ಗಡಿಯಾರದ ಮಾತನ್ನೇ ಆಡುತ್ತಿದ್ದ. ನಾನು ಮಾತ್ರ ಮೆಟ್ಟಿಲಿಗೆ ಕೈಯೂರಿ ಕೂತ ಯಲ್ಲವ್ವನನ್ನೂ, ಹಂದರದಡಿ ಕೈಯೆತ್ತಿ ನಿಂತ ನನ್ನನ್ನೂ ನೆನೆದೆ.

ಕೇಶವಬಾಬ್‌ನ ಅಂಗಡಿಯಿಂದ ನೇರ ಯಲ್ಲವ್ವನ ಮನೆಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕೋ ಬೇಡವೋ ಎಂಬ ತರ್ಕ. ಹೇಳದಿದ್ದರೆ ನನ್ನ ಮೂವತ್ತು ವರ್ಷದ ಕೆಂಪು ಗೀಟುಗಳಿಗೆಲ್ಲ ಅರ್ಥವೇ ಇಲ್ಲ ಎನಿಸಿತು. ಅವಳು ಬಾಡಿಗೆ ಪಾತ್ರೆಗಳನ್ನು ಎಣಿಸಿ ಚೀಲಕ್ಕೆ ತುಂಬುತ್ತಿದ್ದಳು. ನಿಂತೇ ಎಲ್ಲವನ್ನೂ ಹೇಳಿದೆ: ಚಕ್ರ, ಕಪ್ಪು ಪುಡಿ, ಹದಿಮೂರು ನಿಮಿಷ. ಅವಳ ಕೈ ನಿಂತಿತು. ಎದ್ದು ಬಾಗಿಲು ಮುಂದಕ್ಕೆ ಮಾಡಿ ಬಂದಳು. ಬೈದಿದ್ದರೆ ಚೆನ್ನಾಗಿತ್ತು.

‘ಮತ್ಯಾರಿಗೆ ಹೇಳೀರಿ?’ ಎಂದಳು.

‘ಯಾರಿಗೂ ಇಲ್ಲವ್ವಾ. ಶಾಂತಾಗೂ ಹೇಳಿಲ್ಲ.’

‘ಹೇಳಬ್ಯಾಡ್ರಿ.’ ದನಿ ತಗ್ಗಿಸಿದಳು. ‘ನನಗ ರಾಹುಕಾಲದ್ದು ಅಂಜಿಕಿ ಇಲ್ರಿ ಸಾಹೇಬ್ರ. ಹೊತ್ತು ಯಾರಿಗೆ ಏನ್ ಮಾಡ್ತೈತಿ? ಮಾಡೋದು ಮಂದಿ ಬಾಯಿ. ಬೀಗ್ತಿ ಕಿವಿಗೆ ಇದು ಬಿತ್ತಂದ್ರ, ನಾಳಿ ಹಾಲು ಒಡದರೂ ನನ್ನ ಮಗಳ ತಲಿಗೇ ಕಟ್ತಾಳ. ಯಾರ ಕೇಳಿದರೂ ನಿಮ್ಮ ಗಡಿಯಾರ ಸರಿ ಇತ್ತು. ಅಷ್ಟ ಅನ್ರಿ. ನೀವಂದ್ರ ಮಂದಿ ನಂಬತಾರ.’

ನನ್ನ ಪ್ರಾಮಾಣಿಕತೆಗೆ ಇಂಥ ಉಪಯೋಗವೊಂದು ಇದೆಯೆಂದು ಎಂದೂ ಹೊಳೆದಿರಲಿಲ್ಲ. ಹೂಂ ಎಂದು ಹೊರಬಂದೆ.

ನಿನ್ನೆ ಗಡಿಯಾರವನ್ನು ಪಣಜಿಗೆ ಒಯ್ದೆ. ವಾರಂಟಿಯಲ್ಲಿ ಒಳಗಿನ ಯಂತ್ರವನ್ನೇ ಬದಲಾಯಿಸಬೇಕಾದೀತು, ತಿಂಗಳುಗಟ್ಟಲೆ ಆದೀತು ಎಂದು ಕೌಂಟರಿನ ಹುಡುಗಿ ಹಿಂದಿಯಲ್ಲಿ ಹೇಳಿ ಒಂದು ಫಾರಮ್ಮು ಮುಂದಿಟ್ಟಳು. ದೋಷ ಮೊದಲು ಕಂಡ ದಿನ ಯಾವುದು ಎಂದು ಒಂದು ಕಾಲಮ್ಮು. ಎಷ್ಟೋ ದಿನಗಳ ಮೇಲೆ ಒಬ್ಬರು ನನ್ನನ್ನು ವೇಳೆ ಕೇಳುತ್ತಿದ್ದರು. ಯಲ್ಲವ್ವನ ಬೀಗತಿ ಈ ಕಾಗದ ಓದುವ ಸಂಭವ ಎಳ್ಳಷ್ಟೂ ಇಲ್ಲ. ನಿಜ ಬರೆದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೂ ಪೆನ್ನು ಹಿಡಿದ ಕೈ ಸ್ವಲ್ಪ ಹೊತ್ತು ಆಲೋಚಿಸಿ, ಜೀವನದಲ್ಲಿ ಮೊದಲ ಬಾರಿಗೆ ತಪ್ಪು ಹೊತ್ತನ್ನು ಬರೆಯಿತು: ಗುರುವಾರ.

ಹುಡುಗಿ ಫಾರಮ್ಮು ಓದಿ, ಇಷ್ಟು ಸವೆತ ಒಂದೇ ದಿನದಲ್ಲಿ ಆಗುವುದಿಲ್ಲವಲ್ಲ, ಬುಧವಾರ ಸ್ವಲ್ಪವಾದರೂ ಹಿಂದೆ ಬಿದ್ದಿರಬೇಕು, ನೀವು ಗಮನಿಸಿರಲಿಕ್ಕಿಲ್ಲ, ಎಂದಳು.

‘ಇಲ್ಲಮ್ಮ,’ ಎಂದೆ, ‘ಬುಧವಾರ ಸರಿಯಾಗಿತ್ತು. ನಾನೇ ನಿಂತು ನೋಡಿದ್ದೇನೆ.’