ಬಜೆ ತೇಯುವ ಕಲ್ಲು

ಮೊಮ್ಮಗುವಿಗೆ ಹಾಸಲು ಹಳೆಯ ಸೀರೆ ಹುಡುಕುತ್ತಾ ಟ್ರಂಕ್ ತೆರೆದೆ. ತಳದಲ್ಲಿದ್ದ ಬಟ್ಟೆಯ ಗಂಟಿನಿಂದ ಬಜೆಯ ಘಾಟು ಮೂಗಿಗೆ ಬಡಿಯಿತು. ಬಿಚ್ಚಿ ನೋಡಬೇಕಾಗಿರಲಿಲ್ಲ. ಅಂಗೈಯಗಲದ ಕಪ್ಪು ಕಲ್ಲು, ಜೊತೆಗೊಂದು ಒಣಗಿದ ಬಜೆಯ ತುಂಡು... ಎಸೆಯಲೂ ಆಗದೆ, ಕಣ್ಣೆದುರು ಇಡಲೂ ಆಗದೆ ಇಷ್ಟು ವರ್ಷ ಬಚ್ಚಿಟ್ಟಿದ್ದೆ.

ಆಗ ನಾವು ಹರಿಹರಪುರದಲ್ಲಿ ಬಾಡಿಗೆಗಿದ್ದೆವು. ಗೋಡೆಯ ಆ ಬದಿಗಿದ್ದವರು ಆಚೆಮನೆ ಅಮ್ಮ. ಅವರ ಗಂಡ ಅಡಿಕೆ ಕೊನೆ ತೆಗೆಯುವವರು, ಮರದಿಂದ ಬಿದ್ದು ಸೊಂಟ ಮುರಿದ ಮೇಲೆ ಹಾಸಿಗೆ ಹಿಡಿದಿದ್ದರು. ಅವರ ನೋವಿಗೆ ಅಮ್ಮ ಒಂದು ಕಪ್ಪು ಮುದ್ದೆಯನ್ನು ಕಲ್ಲಿನ ಮೇಲೆ ಹಾಲಿನಲ್ಲಿ ತೇಯ್ದು ನೆಕ್ಕಿಸುತ್ತಿದ್ದರು. ಅದು ಅಫೀಮು, ಗಸಗಸೆ ಗಿಡದ ಕಾಯಿಯನ್ನು ಗೀರಿ ತೆಗೆದ ಹಾಲು ಎಂದು ಬೀದಿಗೆಲ್ಲ ಗೊತ್ತಿತ್ತು. ಎಲ್ಲಿಂದ ಬರುತ್ತಿತ್ತೋ, ಯಾರೂ ಕೇಳಲಿಲ್ಲ. ಆ ಮನುಷ್ಯ ನರಳದೆ ಮಲಗಿದರೆ ಗೋಡೆಯ ಈಚೆ ನಮಗೂ ನಿದ್ದೆ. ಹಾಗಾಗಿ ನಾನೂ ಬಾಯಿ ಮುಚ್ಚಿಕೊಂಡಿದ್ದೆ.

ಬೀದಿಯ ಎಳೆಮಕ್ಕಳಿಗೆ ಬಜೆ ತೇಯುವವರೂ ಅವರೇ. ಮಗುವಿಗೆ ನೀರು ಹಾಕಿದ ಮೇಲೆ ಬಜೆ ಮೂರು ಸುತ್ತು, ಅಳಲೆಕಾಯಿ ಎರಡು ಸುತ್ತು, ಜಾಯಿಕಾಯಿ ಅರ್ಧ ಸುತ್ತು. ಬೇರೆಯವರು ತೇಯ್ದರೆ ಲೆಕ್ಕ ತಪ್ಪುತ್ತದೆ ಎಂದು ಅವರಿಗೆ ಜಂಬ. ಕಲ್ಲು ಒಂದೇ. ಒಂದು ಮಗ್ಗುಲು ಗಂಡನಿಗೆ, ದಿನಾ ಕುಂಕುಮದ ಹೊಸ ಬೊಟ್ಟಿಡುತ್ತಿದ್ದ ಮಗ್ಗುಲು ಮಕ್ಕಳಿಗೆ. ತೊಳೆದರೆ ಕಲ್ಲು ಹೀರಿದ ಮದ್ದಿನ ಗುಣ ಹೋಗುತ್ತದೆಂದು ಸೆರಗಿನಲ್ಲಿ ಒರೆಸಿಡುತ್ತಿದ್ದರು. ಇದನ್ನೆಲ್ಲ ನಾನು ಕಣ್ಣಾರೆ ನೋಡಿಯೂ ನನ್ನ ಮೂರು ತಿಂಗಳ ಮಗಳನ್ನು ಅವರ ಮಡಿಲಿಗೆ ಹಾಕಿದ್ದೆ. ಬುದ್ಧಿ ಎಲ್ಲಿಟ್ಟಿದ್ದೆನೋ.

ಆ ಬೆಳಿಗ್ಗೆ ಬಜೆ ನೆಕ್ಕಿದವಳು ರಗಳೆಯಿಲ್ಲದೆ ಮಲಗಿದಳು. ಒಳ್ಳೆಯದಾಯಿತೆಂದು ಬಟ್ಟೆ ಒಗೆದೆ. ಮಧ್ಯಾಹ್ನವಾದರೂ ಹಾಲಿಗೆ ಏಳಲಿಲ್ಲ. ಕೆನ್ನೆ ತಟ್ಟಿದೆ, ಅಂಗಾಲು ಉಜ್ಜಿದೆ, ಕಣ್ಣು ಬಿಡಲಿಲ್ಲ. ತುಟಿ ನೀಲಿಗಟ್ಟಿತ್ತು. ಒಂದು ಉಸಿರಾದ ಮೇಲೆ ಇನ್ನೊಂದಕ್ಕೆ ಕಾಯಬೇಕಾಗಿತ್ತು... ಆಟೋದಲ್ಲಿ ಕೊಪ್ಪ ತಲುಪುವವರೆಗೂ ಅವಳ ಎದೆಯ ಮೇಲೆ ಕೈಯಿಟ್ಟು ಕಾಯುತ್ತಲೇ ಇದ್ದೆ.

ಡಾಕ್ಟರು ಅವಳ ರೆಪ್ಪೆ ಬಿಡಿಸಿ ಟಾರ್ಚ್ ಬಿಟ್ಟರು. ಕಣ್ಣಿನ ಕಪ್ಪು ಸಾಸಿವೆಗಿಂತ ಸಣ್ಣದಾಗಿತ್ತು. ಏನು ಕೊಟ್ಟಿರಿ ಎಂದು ಮೂರು ಸಲ ಕೇಳಿದರು. ಬಜೆ ಬಿಟ್ಟು ಬೇರೇನೂ ಇಲ್ಲ ಎಂದು ಮೂರು ಸಲವೂ ಆಣೆ ಹಾಕಿದೆ. ಅವರು ನಂಬಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಆಚೆಮನೆ ಅಮ್ಮ ನಿಂತಿದ್ದರು. ಬಸ್ಸಿನಿಂದಿಳಿದು ಓಡಿ ಬಂದ ಏದುಸಿರು, ಸೆರಗಿನಲ್ಲಿ ಸುತ್ತಿದ ಕಲ್ಲು.

"ಅಪೀಮು, ಡಾಕ್ಟ್ರೇ. ಬೆಳಿಗ್ಗೆ ನಮ್ಮನೆಯವ್ರು ಒದ್ದಾಡ್ತಿದ್ರು, ಗಡಿಬಿಡೀಲಿ ಅವ್ರ ಮಗ್ಗುಲಲ್ಲೇ ಮಗೂಗೂ ತೇಯ್ದೆ. ಮಗು ಏಳ್ಲಿಲ್ಲ ಅಂತ ಕೇಳಿ ಕಲ್ಲು ತಿರುಗ್ಸಿ ನೋಡಿದ್ರೆ ಬೊಟ್ಟು ಅಳಿಯದೆ ಹಂಗೇ ಉಂಟು, ಆ ಮಗ್ಗುಲು ನಾ ಮುಟ್ಟೇ ಇಲ್ಲ."

ಅದನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧ, ಗೊತ್ತಾ ಎಂದು ಡಾಕ್ಟರು ಗದರಿದರು.

"ಗೊತ್ತು. ಮೊದ್ಲು ಮಗು ನೋಡಿ. ನಾ ಎಲ್ಲಿಗೂ ಓಡಿಹೋಗೂದಿಲ್ಲ."

ಅಫೀಮೆಂಬ ಆ ಮಾತಿನ ಮೇಲೆಯೇ ಡಾಕ್ಟರು ಅದಕ್ಕೆ ತಕ್ಕ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿನಲ್ಲೇ ಮಗಳು ಕಿರುಚಿ ಅತ್ತಳು. ಅಷ್ಟು ಸಿಹಿಯಾದ ಅಳುವನ್ನು ನಾನು ಮತ್ತೆ ಕೇಳಿಲ್ಲ. ಆಚೆಮನೆ ಅಮ್ಮ ಮಗುವಿನ ಕಾಲು ಮುಟ್ಟಲು ಕೈ ಚಾಚಿದರು. ನಾನು ಆ ಕೈಯನ್ನು ತಳ್ಳಿದೆ.

ಪೊಲೀಸರು ಬರಲಿಲ್ಲ. ಡಾಕ್ಟರು ಮರುದಿನ ನಮ್ಮನ್ನು ಮನೆಗೆ ಕಳಿಸುವಾಗ ನನ್ನ ಹತ್ತಿರ ಒಂದು ಮಾತು ಹೇಳಿದ್ದರು. ಆ ಯಜಮಾನರ ಮೈಗೆ ಅಫೀಮು ಒಗ್ಗಿಹೋಗಿದೆ, ಥಟ್ಟನೆ ನಿಲ್ಲಿಸಿದರೆ ತಡೆಯಲಾರರು, ಬೇರೆ ಔಷಧಿ ಕೊಡುತ್ತೇನೆ, ಕರೆತರಲು ಹೇಳಿ.

ನಾನು ಹೇಳಲಿಲ್ಲ. ಆಚೆಮನೆ ಅಮ್ಮನ ಮುಖ ನೋಡಬಾರದೆಂಬ ಹಟ.

ಅಮ್ಮ ಅಷ್ಟರಲ್ಲೇ ಮುದ್ದೆಯನ್ನು ಒಲೆಗೆ ಹಾಕಿದ್ದರು. ಗೋಡೆಯಾಚೆ ವಾಂತಿ, ಭೇದಿ, ಹಲ್ಲು ಕಟಕಟಿಸುವ ನಡುಕ, ಬಿಡದ ನರಳಾಟ. "ಒಂಚೂರು ಕೊಡೇ..." ಎಂದು ಆ ಗಟ್ಟಿ ಗಂಡಸು ಬೇಡುತ್ತಿದ್ದುದು ಸ್ಪಷ್ಟವಾಗಿ ಕೇಳುತ್ತಿತ್ತು. ಮಗಳ ಕಿವಿಗೆ ಬೀಳದಿರಲೆಂದು ರೇಡಿಯೋ ಜೋರು ಮಾಡಿದೆ. ನಾಲ್ಕನೆಯ ದಿನ ಅವರು ಹೋದರು.

ತಿಥಿ ಮುಗಿಸಿ ಅಮ್ಮ ನರಸಿಂಹರಾಜಪುರದ ತಂಗಿಯ ಮನೆಗೆ ಹೊರಟುಹೋದರು. ಹೋದ ಮೇಲೆ ನಮ್ಮ ಹೊಸ್ತಿಲಲ್ಲಿ ಈ ಕಲ್ಲೂ ಬಜೆಯ ತುಂಡೂ ಸಿಕ್ಕವು. ಎಂದೂ ನೀರು ಕಾಣದ ಕಲ್ಲನ್ನು ಉಜ್ಜಿ ಉಜ್ಜಿ ತೊಳೆದಿದ್ದರು. ಕುಂಕುಮವೂ ಇರಲಿಲ್ಲ. ಕೆಲವು ವರ್ಷಗಳ ನಂತರ ಅವರು ತೀರಿಕೊಂಡ ಸುದ್ದಿ ಬಂತು. ನಾನು ಹೋಗಲಿಲ್ಲ... ಯಾವ ಮುಖ ಹೊತ್ತು ಹೋಗಲಿ.

ಗಂಟು ಬಿಚ್ಚಿ ಕಲ್ಲನ್ನು ಕೈಗೆತ್ತಿಕೊಂಡಿದ್ದೆ, ಮಗುವನ್ನು ಹೆಗಲಿಗೆ ಹಾಕಿಕೊಂಡು ಮಗಳು ಕೋಣೆಗೆ ಬಂದಳು. ಎದೆಹಾಲು ಬಿಟ್ಟು ಏನನ್ನೂ ಕೊಡಬಾರದೆಂದು ಡಾಕ್ಟರು ಹೇಳಿದ್ದಾರೆ, ಅದನ್ನೆಲ್ಲ ತೆಗೆಯಬೇಡ ಎಂದಳು. ತೆಗೆಯುವುದಿಲ್ಲ ಎಂದೆ.

"ಯಾರದಮ್ಮ ಆ ಕಲ್ಲು?"

"ನಿನ್ನ ಜೀವ ಉಳಿಸಿದವ್ರದ್ದು."

ಇನ್ನೂ ಏನೋ ಕೇಳಿಯಾಳೆಂದು ಕಾದೆ. ಅವಳು ಮಗುವಿನ ಬೆನ್ನು ತಟ್ಟುತ್ತಾ ಹೊರಗೆ ಹೋದಳು. ಕೊಪ್ಪದ ಡಾಕ್ಟರು ಅಂದು ಹೇಳಿಕಳಿಸಿದ ಆ ಮಾತು ನನ್ನಲ್ಲೇ ಉಳಿಯಿತು.