ಅತ್ತೆಯ ಕೊರಮೀನುಗಳು

ಅತ್ತೆಯ ಬಲಗೈ ತೋರುಬೆರಳಿನ ತುದಿಯಲ್ಲಿ ಅರ್ಧಚಂದ್ರದಂಥ ಒಂದು ಗಾಯದ ಗುರುತಿತ್ತು. ಯಾರಾದರೂ ಕೇಳಿದರೆ "ನಮ್ ಯಜಮಾನ ಕಚ್ಚಿದ್ದು" ಅನ್ನುತ್ತಿದ್ದರು. ಮಾವ ತೀರಿಕೊಂಡು ವರ್ಷಗಳೇ ಆಗಿದ್ದವು. ಕೇಳಿದವರು ಗಾಬರಿಯಾದದ್ದನ್ನು ಚೆನ್ನಾಗಿ ನೋಡಿಕೊಂಡು, ಆಮೇಲೆ ನಿಧಾನವಾಗಿ ನಡುಮನೆಯಲ್ಲಿದ್ದ ಗಾಜಿನ ತೊಟ್ಟಿಯತ್ತ ಕೈ ತೋರಿಸುತ್ತಿದ್ದರು. ಅಲ್ಲಿ ಗೇಣಿಗಿಂತ ಗಿಡ್ಡನೆಯ ಗಂಡು ಕೊರಮೀನೊಂದು ಹೆಂಚಿನ ಚೂರಿನಡಿಯಿಂದ ಮೂತಿ ಹೊರಗಿಟ್ಟು ಎಲ್ಲರನ್ನೂ ನೋಡುತ್ತಿರುತ್ತಿತ್ತು.

ಅದನ್ನು ತಂದದ್ದು ಮತ್ತಿಕೆರೆಯಿಂದ. ನನ್ನ ಕನ್ನಡಕ ಸರಿಮಾಡಿಸಲು ಜೊತೆಗೆ ಬಂದ ಅತ್ತೆ ಪಕ್ಕದ ಮೀನಿನಂಗಡಿಯ ಮುಂದೆ ನಿಂತುಬಿಟ್ಟರು. ಅವರು ಪುಟ್ಟೇನಹಳ್ಳಿ ಕೆರೆಯ ಕೆಳಗೆ ಗದ್ದೆಗಳಿದ್ದಾಗ ಅಲ್ಲಿ ಬೆಳೆದವರು.

"ಅಯ್ಯೋ, ಇದು ನಮ್ ಕಾಲ್ವೆ ಮೀನಲ್ವೇನೆ! ಸಾರಿಗೆ ಆಕೋದನ್ನ ತಂದು ಗಾಜಲ್ಲಿ ಇಕ್ಕವ್ರೆ."

ಅಂಗಡಿಯವನು, "ಅಮ್ಮಾ, ಇದು ಬೇಡ. ಕೈ ಕಚ್ತದೆ, ಬೇರೆ ಮೀನು ಬಿಟ್ರೆ ತಿಂದ್ಬಿಡ್ತದೆ. ಗೋಲ್ಡ್ ಫಿಶ್ ತಗೊಳ್ಳಿ" ಎಂದ.

"ಕಚ್ದೆ ಇರೋದೂ ಒಂದ್ ಮೀನೇನಪ್ಪ? ಜೋಡಿ ಕೊಡು."

ಗಂಡಿಗೆ ಯಜಮಾನ ಎಂದು ಹೆಸರಾಯಿತು. ಹೆಣ್ಣಿಗೆ ಹೆಸರಿಲ್ಲ, 'ಅವ್ನೆಂಡ್ತಿ' ಅಷ್ಟೇ. ಅತ್ತೆ ದಿನಾ ಬೆಳಿಗ್ಗೆ ನುಗ್ಗೆ ಮರದ ಬುಡ ಕೆದಕಿ ಎರೆಹುಳು ತೆಗೆದು, ಮುಳ್ಳು ಕೀಳುವ ಚಿಮಟದಲ್ಲಿ ಹಿಡಿದು ನೀರಿನ ಮೇಲೆ ಆಡಿಸುತ್ತಿದ್ದರು. ಯಜಮಾನ ಬಾಣದಂತೆ ಎದ್ದು ಕಿತ್ತುಕೊಳ್ಳುತ್ತಿದ್ದ. ಸೋಮವಾರ ಮಾತ್ರ ಇಲ್ಲ. "ಸ್ವಾಮಾರ ನಂಗೂ ಉಪಾಸ, ಅವುಕ್ಕೂ ಉಪಾಸ. ಒಟ್ಟೆಗೆ ಒಳ್ಳೇದು." ಬಣ್ಣಕ್ಕಿರಲಿ ಎಂದು ನಾನೊಮ್ಮೆ ನಾಲ್ಕು ಗಪ್ಪಿ ಮೀನು ತಂದು ಅದೇ ತೊಟ್ಟಿಗೆ ಬಿಟ್ಟೆ. ಕಾಫಿ ಕುಡಿದು ಬರುವಷ್ಟರಲ್ಲಿ ಒಂದೇ ಉಳಿದಿತ್ತು. ಅತ್ತೆ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. "ಸೊಸೆ ಅಬ್ಬದೂಟ ಇಕ್ಕವ್ಳೆ ಕಣೋ ಯಜಮಾನ!" ನಾನು ಎರಡು ದಿನ ಅವರೊಂದಿಗೆ ಮಾತು ಬಿಟ್ಟಿದ್ದೆ. ಅದಕ್ಕೂ ನಕ್ಕರು.

ಹೋದ ವರ್ಷ ಅವರಿಗೆ ಎದೆನೋವು ಬಂದು ಹೆಬ್ಬಾಳದ ಆಸ್ಪತ್ರೆಗೆ ಸೇರಿಸಿದೆವು. ನಾನು ಹೋದ ಕೂಡಲೇ ಕೇಳುತ್ತಿದ್ದದ್ದು ಒಂದೇ ಮಾತು, "ಉಂಡ್ನಾ?" ಉಂಡ ಅನ್ನುತ್ತಿದ್ದೆ, ನಿಜವಾಗಿಯೂ ಉಣ್ಣುತ್ತಿತ್ತು. ಆದರೆ ಒಂದು ಬೆಳಿಗ್ಗೆ ಯಜಮಾನ ಹುಳುವಿನ ಕಡೆ ತಿರುಗಿಯೂ ನೋಡಲಿಲ್ಲ. ಹೆಂಚಿನಡಿ ಮೂಲೆ ಸೇರಿಬಿಟ್ಟಿದ್ದ. ಆಸ್ಪತ್ರೆಯಲ್ಲಿ ಅತ್ತೆ ಕೇಳಿದಾಗ "ಉಂಡ, ಎರಡು ಹುಳ ತಿಂದ" ಎಂದೆ. ಅವರು ನನ್ನ ಕೈ ಹಿಡಿದುಕೊಂಡು, "ನೋಡ್ಕೊತೀಯ ಬುಡು ನೀನು" ಅಂದರು. ಮಾರನೆಯ ದಿನ ಹೋಗಿಬಿಟ್ಟರು.

ಮಣ್ಣು ಮಾಡಿ ಬಂದ ಮೇಲೆ ನಾನು ಮೊದಲು ಹೋಗಿದ್ದು ತೊಟ್ಟಿಯ ಹತ್ತಿರ. ಯಜಮಾನ ಉಣ್ಣಲಿಲ್ಲ. ನಾಲ್ಕನೇ ದಿನವೂ ಇಲ್ಲ, ಆರನೇ ದಿನವೂ ಇಲ್ಲ. ಗಂಟಲು ಊದಿಕೊಂಡಿತ್ತು. ಮನೆ ತುಂಬ ನೆಂಟರಿದ್ದರು, ಮೀನಿನ ಚಿಂತೆಯನ್ನು ಯಾರ ಮುಂದೆ ಹೇಳುವುದು? ಸಾಯುವವರ ಮುಂದೆ ಸುಳ್ಳು ಹೇಳಿದ್ದೆ. ಈಗ ಅದೂ ನನ್ನ ಕೈಯಲ್ಲೇ ಸತ್ತರೆ ಆ ಸುಳ್ಳು ನನ್ನ ಜೊತೆ ಕೊನೆಯವರೆಗೂ ಉಳಿಯುತ್ತದೆ ಅನ್ನಿಸಿತು.

ಒಂಬತ್ತನೇ ದಿನ ನನ್ನ ಗಂಡ, "ಕಣ್ಮುಂದೆ ಸಾಯೋದ್ ಯಾಕೆ ನೋಡ್ಬೇಕು? ಪುಟ್ಟೇನಹಳ್ಳಿ ಕೆರೆಗೆ ಬಿಟ್ಬರೋಣ. ಅಮ್ಮನೂ ಅಲ್ಲೇ ಬೆಳೆದೋರು" ಎಂದರು. ಬಕೆಟ್ಟಿಗೆ ನೀರು ತುಂಬಿದೆವು. ಬಲೆ ನನ್ನ ಕೈಯಲ್ಲಿತ್ತು. ದಾರಿಯಲ್ಲಿ ಸಾಯದಂತೆ ಒಯ್ಯುವುದು ಹೇಗೆಂದು ಕೇಳಲು ಮತ್ತಿಕೆರೆಯ ಅಂಗಡಿಗೆ ಫೋನ್ ಮಾಡಿ, ಯಜಮಾನನ ಫೋಟೋ ಕಳಿಸಿದೆ.

ಅವನು ಕೂಗಿಯೇಬಿಟ್ಟ. "ಅಕ್ಕಾ, ಮುಟ್ಬೇಡಿ! ಬಲೆ ಕೆಳಗಿಡಿ ಫಸ್ಟು! ಅದಕ್ಕೆ ಕಾಯಿಲೆ ಇಲ್ಲ ಏನಿಲ್ಲ. ಬಾಯೊಳಗೆ ಮರಿ ಇಟ್ಕೊಂಡಿದಾನೆ."

"ಬಾಯೊಳಗಾ? ಗಂಡು ಅಲ್ವಾ ಅದು?"

"ಇವರಲ್ಲಿ ಗಂಡೇ ಅಕ್ಕಾ ಹೊರೋದು. ಹೆಂಡ್ತಿ ಮೊಟ್ಟೆ ಹಾಕ್ತಾಳೆ, ಇವನು ಬಾಯಲ್ಲಿ ತುಂಬ್ಕೊಂಡು ಕೂತ್ಕೊತಾನೆ. ಒಂದು ತುತ್ತೂ ತಿನ್ನಲ್ಲ. ನೀವು ಹಿಡಿಯಕ್ಕೆ ಹೋಗಿ ಬೆದರಿಸಿದ್ರೆ ಎಲ್ಲಾ ನುಂಗ್ಬಿಡ್ತಾನೆ. ಹಂಗೇ ಬಿಡಿ ಅಕ್ಕಾ, ಸುಮ್ನೆ ಬಿಡಿ."

ನನ್ನ ಗಂಡ ಕೂಸನ್ನು ತೊಟ್ಟಿಲಿಗೆ ಇಳಿಸುವಷ್ಟು ನಿಧಾನವಾಗಿ ಬಕೆಟ್ಟಿನ ನೀರನ್ನು ಹಿತ್ತಲಿಗೆ ಒಯ್ದು ಚೆಲ್ಲಿದರು. ತೊಟ್ಟಿಯ ಮೂರು ಕಡೆಗೆ ಅತ್ತೆಯ ಹಳೆ ಸೀರೆ ಇಳಿಬಿಟ್ಟೆ. ನೆಂಟರಿಗೆಲ್ಲ ನಡುಮನೆಯಲ್ಲಿ ಜೋರಾಗಿ ಮಾತಾಡಬೇಡಿ ಎಂದೆ. ದುಃಖಕ್ಕೆ ಹೇಳುತ್ತಿದ್ದೇನೆಂದುಕೊಂಡು ಅವರು ಮೆತ್ತಗಾದರು.

ಮೂರು ದಿನ ಕಳೆದು, ಬೆಳಿಗ್ಗೆ ಸೀರೆ ಸರಿಸಿದೆ. ಯಜಮಾನ ನೀರಿನ ನಡುವೆ ನಿಂತಿದ್ದ. ಅವನ ಮೂತಿಯ ಸುತ್ತ ಸಾಸಿವೆ ಚೆಲ್ಲಿದಂತೆ ಮೂವತ್ತೋ ನಲವತ್ತೋ ಮರಿಗಳು ನಡುಗುತ್ತಿದ್ದವು. ನನ್ನ ನೆರಳು ಬಿದ್ದದ್ದೇ ತಡ, ಅವನು ಬಾಯಿ ತೆರೆದ, ಅರ್ಧದಷ್ಟು ಒಳಗೆ ಹೋದವು. ನಾನು ಹಿಂದೆ ಸರಿದೆ, ಮತ್ತೆ ಬಂದವು.

ಅತ್ತೆಗೆ ಇದು ಗೊತ್ತಿರಲಿಲ್ಲ ಅಂದುಕೊಳ್ಳುತ್ತೇನೆ. ಚಿಕ್ಕಂದಿನಲ್ಲಿ ಅವರು ನೋಡಿದ್ದು ಸಾರಿನ ಮೀನನ್ನು. ಗೊತ್ತಿದ್ದರೆ ಊರಿಗೆಲ್ಲ ಹೇಳಿರುತ್ತಿದ್ದರು. ಅವರಿಗೆ ನಾನು ಹೇಳಿದ್ದು ಸುಳ್ಳೇ, ಅದು ನಿಜವಾಗುವುದಿಲ್ಲ. ಆದರೆ ಅವರು ನಂಬಿ ಬಿಟ್ಟುಹೋದ ಜೀವ ನನ್ನ ಕೈಯಲ್ಲಿ ಸೊರಗುತ್ತಿರಲಿಲ್ಲ ಎಂದು ತಿಳಿದಾಗ ಎದೆಯ ಮೇಲಿಂದ ಬೀಸುವ ಕಲ್ಲು ಇಳಿಸಿದ ಹಾಗಾಯಿತು.

ಎರಡು ದಿನ ಬಿಟ್ಟು ಯಜಮಾನ ಒಂದು ಹುಳು ತಿಂದ. ಅವತ್ತು ಮಧ್ಯಾಹ್ನ ನಾನು ತಟ್ಟೆ ಹಾಕಿಕೊಂಡು ಕೂತು ಎರಡು ಮುದ್ದೆ ಉಂಡೆ. ಅತ್ತೆ ಹೋದ ಮೇಲೆ ಹೊಟ್ಟೆ ತುಂಬ ಉಂಡದ್ದು ಅದೇ ಮೊದಲು.